ಹನ್ನೊಂದು ಗೆರೆ, ಎರಡು ಸಾಲು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರು; ಅವರಿಗೆ 31 ವರ್ಷ. ಕೂತ ತಕ್ಷಣ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಐದು ನಿಮಿಷದಲ್ಲಿ ಮೂರು ಸಲ ಎತ್ತಿ ನೋಡಿದರು. ಆಮೇಲೆ ಬಾಯಿ ಬಿಟ್ಟರು: "ಅವಳು ನನಗೆ ವಾಪಸ್ ಬೇಕು ಮೇಡಂ. ಆದ್ರೆ ಈಗ ಬೇರೆಯವನ ಜೊತೆ ಓಡಾಡ್ತಿದಾಳೆ."

ಮೂರು ವರ್ಷದ ಸಂಬಂಧ, ಮುರಿದು ಏಳು ತಿಂಗಳು. ಸಾಕು ಅಂದಿದ್ದು ಇವರೇ.

"ವಾಪಸ್ ಬೇಕು ಅನ್ನಿಸೋಕೆ ಶುರುವಾಗಿದ್ದು ಯಾವಾಗ?"

"ಅವರಿಬ್ಬರ ಫೋಟೋ ನೋಡಿದ ದಿನ."

"ಅದರ ಹಿಂದಿನ ವಾರ?"

"ಆರಾಮಾಗೇ ಇದ್ದೆ," ಎಂದವರು ತಾವೇ ಸುಮ್ಮನಾದರು.

ಬರೀ ಹೊಟ್ಟೆಕಿಚ್ಚು ಅಂದುಕೊಂಡೆ. ನನ್ನ ಲೆಕ್ಕ ಅರ್ಧ ತಪ್ಪಿತ್ತು. ಎರಡನೇ ಸಲ ಬಂದಾಗ ಅವಳಿಗೆ ಕಳಿಸಲೆಂದು ಬರೆದ ನಾಲ್ಕು ಪುಟದ ಪತ್ರ ತಂದಿದ್ದರು. ಪೆನ್ನು ಕೊಟ್ಟು, ಹೊಸ ಹುಡುಗನ ಮಾತು ಬಂದ ಕಡೆಯೆಲ್ಲ ಗೆರೆ ಎಳೆಯಿರಿ ಎಂದೆ. ಹನ್ನೊಂದು ಗೆರೆ ಬಿದ್ದವು. ಉಳಿದದ್ದು ಬಹುಪಾಲು ಇವರ ನಿದ್ದೆ, ಇವರ ಸಂಕಟ. ಅವಳಿಗೆ ಹೇಗಾಗಿರಬಹುದು ಅನ್ನೋದರ ಬಗ್ಗೆ ಎರಡೇ ಸಾಲು. "ಜಗಳ ಆದಾಗೆಲ್ಲ ನಾನು ದಿನಗಟ್ಟಲೆ ಮಾತು ಬಿಡ್ತಿದ್ದೆ. ನೀನು ಬಾಗಿಲ ಹತ್ತಿರ ಬಂದು ನಿಂತು, ಹಾಗೇ ವಾಪಸ್ ಹೋಗ್ತಿದ್ದೆ." ಅಲ್ಲಿಗೆ ಬಂದಾಗ ಅವರ ಗಂಟಲು ಕಟ್ಟಿತು. ಪತ್ರದಲ್ಲಿ ನಾನು ನಂಬಿದ್ದು ಆ ಎರಡು ಸಾಲನ್ನೇ.

ಮೊದಲು ಫೋನಿನ ವಿಷಯ ಮಾತಾಡಿದೆವು. ಪ್ರೀತಿಯಲ್ಲಿ ತಿರಸ್ಕಾರ ಕಂಡವರ ಮಿದುಳನ್ನು ಸ್ಕ್ಯಾನ್ ಮಾಡಿ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಜೊತೆಗಾರರು 2010ರಲ್ಲಿ ಅಧ್ಯಯನ ಪ್ರಕಟಿಸಿದ್ದರು. ಬಿಟ್ಟುಹೋದವರ ಫೋಟೋ ನೋಡುವಾಗ ಚುರುಕಾದ ಕೆಲವು ಭಾಗಗಳು ಕೊಕೇನ್‌ಗಾಗಿ ಹಾತೊರೆಯುವಾಗ ಚುರುಕಾಗುವಂಥವೇ. ಇವರು ತಾವೇ ಬಿಟ್ಟವರು, ನಿಜ. ಆದರೂ ಹತ್ತು ನಿಮಿಷಕ್ಕೊಮ್ಮೆ 'ಲಾಸ್ಟ್ ಸೀನ್' ನೋಡೋದಕ್ಕೆ ನಾನು ಚಟ ಅಂತಲೇ ಹೇಳುತ್ತೇನೆ. ಒಂದು ತಿಂಗಳು ಅವಳ ಸ್ಟೇಟಸ್ ಮ್ಯೂಟ್ ಮಾಡಿ, ಸುದ್ದಿ ತರುವ ಗೆಳೆಯನಿಗೂ ಬೇಡ ಅನ್ನಿ ಎಂದೆ. ಗೆಳೆಯನಿಗೆ ಹೇಳೋದೇ ಜಾಸ್ತಿ ಕಷ್ಟವಾಯಿತಂತೆ.

ಆಮೇಲೂ ಹೇಳಲೇಬೇಕು ಅನ್ನಿಸಿದರೆ ಒಂದೇ ಮೆಸೇಜ್. ಅದರಲ್ಲಿ ಹೊಸಬನ ಹೆಸರು ಬರಬಾರದು, ಪ್ರಶ್ನೆ ಇರಬಾರದು, "ಕಾಯ್ತೀನಿ" ಅನ್ನೋ ಒತ್ತಡವೂ ಬೇಡ. ಅವಳಿಂದ ಉತ್ತರ ಬಾರದಿದ್ದರೆ ಅದೇ ಉತ್ತರ. ಮತ್ತೆ ಮತ್ತೆ ಮೆಸೇಜ್ ಮಾಡೋದು, ಕೆಲಸದ ಜಾಗದ ಮುಂದೆ ನಿಲ್ಲೋದು ಕಾಟ. ಈ ಮಾತನ್ನು ಮಾತ್ರ ನಾನು ಮೆತ್ತಗೆ ಹೇಳಲಿಲ್ಲ.

"ಅವರಿಬ್ಬರದ್ದು ಮುರಿದು ಅವಳು ವಾಪಸ್ ಬಂದ್ರೆ?" ಎಂದು ಕೇಳಿದರು. ಬರಬಹುದು. ಬಂದ ಮೇಲೆ ಮೊದಲ ಜಗಳಕ್ಕೆ ನೀವೇನು ಮಾಡ್ತೀರಿ ಎಂದೆ. ಉತ್ತರ ಇರಲಿಲ್ಲ. ಮುಂದಿನ ನಾಲ್ಕು ಭೇಟಿ ಇದರಲ್ಲೇ ಕಳೆಯಿತು. ಸಿಟ್ಟು ಬಂದಾಗ ಬಾಗಿಲು ಹಾಕಿಕೊಳ್ಳುವ ಬದಲು "ಒಂದು ಗಂಟೆ ಬಿಟ್ಟು ಮಾತಾಡ್ತೀನಿ" ಅಂತ ಹೇಳಿ, ಗಂಟೆ ಕಳೆದ ಮೇಲೆ ನಿಜವಾಗಿಯೂ ಬಂದು ಮಾತಾಡೋದು. ತಮ್ಮನ ಜೊತೆ ಅಭ್ಯಾಸ ಶುರು ಮಾಡಿದರು. ಮೊದಲ ಸಲ ಎರಡು ದಿನ ತಡವಾಗಿ ಬಂದರಂತೆ.

ಎರಡನೇ ತಿಂಗಳಲ್ಲಿ ಆ ಎರಡು ಸಾಲನ್ನಷ್ಟೇ ಕಳಿಸಿದರು. ಕೊನೆಗೆ "ತಪ್ಪು ನನ್ನದು" ಎಂದು ಸೇರಿಸಿದ್ದರು. ಮೂರನೇ ದಿನ ಉತ್ತರ ಬಂತು: "ಓದಿದೆ."

ಫೋನು ನನ್ನ ಮುಂದೆ ಹಿಡಿದು ಕೇಳಿದರು, "ಇಲ್ಲಿ ಫುಲ್‌ಸ್ಟಾಪ್ ಇಟ್ಟಿದಾಳಲ್ಲ ಮೇಡಂ, ಏನರ್ಥ?"

"ಫುಲ್‌ಸ್ಟಾಪ್ ಅಂತಲೇ," ಎಂದೆ. ನಕ್ಕರು. ಸ್ವಲ್ಪ ಹೊತ್ತು ಅತ್ತರು ಕೂಡ.