ಕ್ಯಾವನ್ ಯಾವ ಕಡೆ?

"ಕಳೆದ ಸಂಚಿಕೆಯಲ್ಲಿ ಗೇಲಿಕ್ ಫುಟ್‌ಬಾಲ್ ಚಿತ್ರದ ಕೆಳಗೆ 'ಅಲ್ಸ್ಟರ್, ಅಂದರೆ ಉತ್ತರ ಐರ್ಲೆಂಡ್' ಎಂದು ಹಾಕಿದ್ದೀರಿ. ನನ್ನ ಮಗಳು ಕ್ಯಾವನ್‌ನಲ್ಲಿ ನರ್ಸ್. ಅದು ಐರ್ಲೆಂಡ್ ಗಣರಾಜ್ಯದಲ್ಲಿದೆ, ಅಲ್ಲಿ ನಡೆಯೋದು ಯೂರೋ. ಆದರೂ ಕ್ಯಾವನ್ ತಂಡ ಅಲ್ಸ್ಟರ್ ಕಪ್ ಆಡುತ್ತದಂತೆ. ಯಾವುದು ಸರಿ? ಐರಿಷರ ಕಪ್ಪಿಗೆ 'ಆಂಗ್ಲೋ-ಸೆಲ್ಟ್' ಅಂತ ಹೆಸರೇಕೆ?"
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ನಿಮ್ಮ ಮಗಳು ಹೇಳಿದ್ದೇ ಸರಿ. ಆ ಸಾಲು ಕಣ್ತಪ್ಪಿನಿಂದ ಬಂದದ್ದೂ ಅಲ್ಲ, ನಾನೇ ಕೂತು ಬರೆದದ್ದು. ಕ್ಷಮಿಸಿ.

ಅಲ್ಸ್ಟರ್ ಐರ್ಲೆಂಡಿನ ನಾಲ್ಕು ಹಳೆಯ ಪ್ರಾಂತ್ಯಗಳಲ್ಲಿ ಒಂದು. ಅದರಲ್ಲಿ ಒಂಬತ್ತು ಕೌಂಟಿಗಳು. 1921ರಲ್ಲಿ ದೇಶ ಭಾಗವಾದಾಗ ಆರು ಕೌಂಟಿಗಳು ಉತ್ತರ ಐರ್ಲೆಂಡ್ ಆಗಿ ಬ್ರಿಟನ್ ಜೊತೆ ಉಳಿದವು. ಕ್ಯಾವನ್, ಮೊನಹನ್, ಡೊನೆಗಾಲ್ ಈಗಿನ ಗಣರಾಜ್ಯದ ಕಡೆ ಬಂದವು. ಆದರೆ ಐರಿಷರದೇ ಆಟವಾದ ಗೇಲಿಕ್ ಫುಟ್‌ಬಾಲ್‌ನ ಅಲ್ಸ್ಟರ್ ಚಾಂಪಿಯನ್‌ಷಿಪ್ ಶುರುವಾದದ್ದು 1888ರಲ್ಲಿ, ಮೊದಲು ಗೆದ್ದದ್ದು ಮೊನಹನ್. ಅಂದರೆ ಆಟ ಮೊದಲು, ಗಡಿ ಆಮೇಲೆ. ಗಡಿ ಬಂತು ಅಂತ ಈ ಆಟ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್‌ನವರು ತಮ್ಮ ನಕ್ಷೆ ಬದಲಿಸಲಿಲ್ಲ. ಒಂಬತ್ತೂ ಕೌಂಟಿಗಳು ಇವತ್ತಿಗೂ ಒಂದೇ ಕಪ್ಪಿಗೆ ಆಡುತ್ತವೆ.

ಇನ್ನು ಹೆಸರಿನ ವಿಷಯ. 'ಆಂಗ್ಲೋ-ಸೆಲ್ಟ್' ಅನ್ನೋದು ಕ್ಯಾವನ್‌ನ ಒಂದು ಪತ್ರಿಕೆ, 1846ರಿಂದ ಇದೆ. ಅದರ ಸಂಪಾದಕ ಜಾನ್ ಎಫ್. ಒ'ಹ್ಯಾನ್ಲನ್ 1925ರಲ್ಲಿ ಈ ಕಪ್ ಕೊಟ್ಟರು. ಸಂಪಾದಕರೊಬ್ಬರು ಕೊಟ್ಟದ್ದು ಅಂತ ಓದಿ ನನಗೆ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ನಮ್ಮ ಪತ್ರಿಕೆ ಇದುವರೆಗೆ ಕೊಟ್ಟಿರೋದು ಗೋಡೆ ಕ್ಯಾಲೆಂಡರ್ ಮಾತ್ರ. ಆ ವರ್ಷ ಕಪ್ ಗೆದ್ದದ್ದೂ ಕ್ಯಾವನ್ನೇ!

ಆಮೇಲೆ ಕ್ಯಾವನ್ ಅದನ್ನು ಹೆಚ್ಚುಕಡಿಮೆ ಮನೆಯಲ್ಲೇ ಇಟ್ಟುಕೊಂಡಿತು. 1931ರಿಂದ 1949ರವರೆಗಿನ 19 ವರ್ಷಗಳಲ್ಲಿ ಅವರಿಗೆ ಕಪ್ ತಪ್ಪಿದ್ದು ಎರಡೇ ಸಲ, 1938 ಮತ್ತು 1946ರಲ್ಲಿ. 1947ರಲ್ಲಂತೂ, ಪ್ರಾಂತ್ಯ ಗೆದ್ದವರು ಮುಂದೆ ಆಡುವ ಅಖಿಲ ಐರ್ಲೆಂಡ್ ಕಪ್ಪಿನ ಫೈನಲ್‌ಗೆ ನ್ಯೂಯಾರ್ಕ್‌ವರೆಗೆ ಹೋದರು. ವಲಸೆ ಹೋದ ಐರಿಷರಿಗಾಗಿ ಆ ಒಂದು ವರ್ಷ ಫೈನಲ್ ಅನ್ನು ಅಲ್ಲಿನ ಪೋಲೋ ಗ್ರೌಂಡ್ಸ್‌ನಲ್ಲಿ ಇಟ್ಟಿದ್ದರು. ಕೆರ್ರಿ ವಿರುದ್ಧ ಕ್ಯಾವನ್ 2-11, 2-7ರಿಂದ ಗೆದ್ದಿತು. ಈ ಲೆಕ್ಕ ನೋಡಿ ಗಾಬರಿಯಾಗಬೇಡಿ. ಮೊದಲ ಅಂಕಿ ಗೋಲು, ಒಂದಕ್ಕೆ ಮೂರು ಪಾಯಿಂಟ್. ಎರಡನೆಯದು ಅಡ್ಡಪಟ್ಟಿಯ ಮೇಲಿಂದ ಹೋದ ಚೆಂಡು, ಆಗ ಒಂದಕ್ಕೆ ಒಂದೇ. ಒಟ್ಟು 17-13. ಕಾಮೆಂಟರಿ ಹೇಳುತ್ತಿದ್ದ ಮೈಕೆಲ್ ಒ'ಹೆಹಿರ್, ರೇಡಿಯೊ ಲೈನಿನ ಸಮಯ ಮುಗಿಯುತ್ತಿದೆ ಅಂತ ಗೊತ್ತಾಗಿ, ಇನ್ನೈದು ನಿಮಿಷ ಕೊಡಿ ಎಂದು ಪ್ರಸಾರದಲ್ಲೇ ಬೇಡಿಕೊಂಡರು. ಪುಣ್ಯಕ್ಕೆ ಲೈನು ಕಡಿಯಲಿಲ್ಲ.

ಉತ್ತರದ ಆರು ಕೌಂಟಿಗಳಿಗೆ ಅಖಿಲ ಐರ್ಲೆಂಡ್ ಕಪ್ ಮೊದಲು ಸಿಕ್ಕಿದ್ದು 1960ರಲ್ಲಿ, ಡೌನ್ ತಂಡದಿಂದ.

ಅಲ್ಸ್ಟರ್ ಫೈನಲ್ ಅಂದರೆ ಜನರಿಗೆ ಮೊದಲು ನೆನಪಾಗುವ ಊರು ಕ್ಲೋನಿಸ್. ಮೊನಹನ್ ಕೌಂಟಿಯ ಸಣ್ಣ ಪೇಟೆ, ಗಡಿಗೆ ಅಂಟಿಕೊಂಡೇ ಇದೆ. ಉತ್ತರ ಐರ್ಲೆಂಡಿನಲ್ಲಿ ಹಿಂಸಾಚಾರ ನಡೆಯುತ್ತಿದ್ದ ದಶಕಗಳಲ್ಲಿ ಅಲ್ಲಿನ ಅಭಿಮಾನಿಗಳು ಸೈನಿಕರ ತಪಾಸಣೆ ದಾಟಿ ಇಲ್ಲಿಗೆ ಪಂದ್ಯ ನೋಡಲು ಬರುತ್ತಿದ್ದರು. 2004ರಿಂದ 2006ರವರೆಗೆ ಜನ ಜಾಸ್ತಿಯಾದರು ಅಂತ ಫೈನಲ್ ಅನ್ನು ಡಬ್ಲಿನ್‌ನ ಕ್ರೋಕ್ ಪಾರ್ಕಿಗೆ ಒಯ್ದರು. ಊರಿನ ಜಾತ್ರೆಯನ್ನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಡಿದ ಹಾಗೆ, ಅಲ್ವಾ?

ಕ್ಯಾವನ್‌ನ 40ನೇ ಗೆಲುವು ಬಂದದ್ದು 2020ರ ನವೆಂಬರ್ 22ರಂದು. ಕೋವಿಡ್ ಕಾಲ, ಅರ್ಮಾದ ಮೈದಾನ ಖಾಲಿ. ಎದುರಿಗಿದ್ದ ಡೊನೆಗಾಲ್ ಗೆಲ್ಲುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆ ವರ್ಷ ನಾಲ್ಕು ಪ್ರಾಂತ್ಯಗಳನ್ನು ಗೆದ್ದವರು ಕ್ಯಾವನ್, ಡಬ್ಲಿನ್, ಮೇಯೊ, ಟಿಪ್ಪರರಿ. 1920ರಲ್ಲೂ ಇದೇ ನಾಲ್ಕು! 1920ರ ನವೆಂಬರ್ 21ರಂದು ಕ್ರೋಕ್ ಪಾರ್ಕಿನಲ್ಲಿ ಡಬ್ಲಿನ್–ಟಿಪ್ಪರರಿ ಪಂದ್ಯದ ನಡುವೆ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿದ್ದವು. ಟಿಪ್ಪರರಿಯ ಆಟಗಾರ ಮೈಕೆಲ್ ಹೋಗನ್ ಸೇರಿ 14 ಜನ ಸತ್ತರು. ಸರಿಯಾಗಿ ನೂರು ವರ್ಷದ ಮೇಲೆ, ಅದೇ ವಾರಾಂತ್ಯದಲ್ಲಿ ಆ ನಾಲ್ಕು ಹೆಸರುಗಳ ಪಟ್ಟಿ ಪೂರ್ತಿಯಾಯಿತು. ಮುಂದೆ ಅಖಿಲ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಕ್ಯಾವನ್ ಡಬ್ಲಿನ್ ಕೈಲಿ ಹೀನಾಯವಾಗಿ ಸೋತಿತು, ಆ ಮಾತು ಬಿಡಿ.

ಮಗಳಿಗೆ ಒಂದು ಮಾತು ಹೇಳಿ. ಪಕ್ಕದ ಫರ್ಮಾನಾ ಕೌಂಟಿಯವರು ಈ ಕಪ್ಪನ್ನು ಒಮ್ಮೆಯೂ ಗೆದ್ದಿಲ್ಲ. 2008ರಲ್ಲಿ ಫೈನಲ್ ಡ್ರಾ ಮಾಡಿಕೊಂಡು, ಮರುಪಂದ್ಯದಲ್ಲಿ ಅರ್ಮಾ ಎದುರು ಸೋತರು. ವಾರ್ಡಿನಲ್ಲಿ ಆ ಕಡೆಯವರು ಯಾರಾದರೂ ಇದ್ದರೆ ಸುಮ್ನೆ ಹವಾಮಾನದ ಬಗ್ಗೆ ಮಾತಾಡೋದು ವಾಸಿ.