ಉದ್ಯೋಗಿಗಳ ದೇಣಿಗೆಯನ್ನು ಸಂಸ್ಥೆಯ ದೇಣಿಗೆ ಎನ್ನಬಹುದೇ?

2008ರಲ್ಲಿ ಬರಾಕ್ ಒಬಾಮ ಅವರಿಗೆ ಅತಿ ಹೆಚ್ಚು ಹಣ ಕೊಟ್ಟವರ ಪಟ್ಟಿಯ ಮೊದಲಲ್ಲೇ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹೆಸರನ್ನು ಕಂಡು, ಸರ್ಕಾರಿ ವಿಶ್ವವಿದ್ಯಾಲಯವೊಂದು ಚುನಾವಣೆಗೆ ಹಣ ಕೊಡುವುದುಂಟೇ ಎಂದು ಕೇಳಿದ್ದೀರಿ. ಅಲ್ಲಿ ಈಗ ಎಚ್‌-1ಬಿ ವೀಸಾದ ಮೇಲೆ ದುಡಿಯುತ್ತಿರುವ ನಿಮ್ಮ ತಮ್ಮ ದೇಣಿಗೆ ಕೊಡಬಹುದೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ವಿಶ್ವವಿದ್ಯಾಲಯವು ತನ್ನ ಬೊಕ್ಕಸದಿಂದ ಒಂದು ಡಾಲರನ್ನೂ ಕೊಟ್ಟಿಲ್ಲ, ಕೊಡುವಂತೆಯೂ ಇಲ್ಲ. ಖಾಸಗಿ ಕಂಪನಿಗಳು ಸಹ ಸಂಸತ್ತಿನ ಅಥವಾ ಅಧ್ಯಕ್ಷ ಪದವಿಯ ಅಭ್ಯರ್ಥಿಗೆ ನೇರವಾಗಿ ಹಣ ಕೊಡುವುದನ್ನು ಅಮೆರಿಕ 1907ರಲ್ಲೇ ನಿಷೇಧಿಸಿದೆ. ಕೊಡುವವರು ವ್ಯಕ್ತಿಗಳು. ಒಬ್ಬರು ಒಂದು ಪ್ರಚಾರ ಸಮಿತಿಗೆ ಕೊಟ್ಟ ಮೊತ್ತ 200 ಡಾಲರ್ ದಾಟಿದರೆ, ಅವರ ಹೆಸರು, ವಿಳಾಸ, ವೃತ್ತಿಗಳ ಜೊತೆಗೆ ಅವರಿಗೆ ಸಂಬಳ ಕೊಡುವವರು ಯಾರೆಂಬುದನ್ನೂ ಕೇಳಿ ತಿಳಿದು, ಸಮಿತಿಯು ಫೆಡರಲ್ ಚುನಾವಣಾ ಆಯೋಗಕ್ಕೆ ವರದಿ ಮಾಡಬೇಕು. ಆ ಕೊನೆಯ ಅಂಕಣದ ಹೆಸರುಗಳನ್ನು ಒಟ್ಟುಗೂಡಿಸಿದಾಗ ನೀವು ನೋಡಿದಂಥ ಪಟ್ಟಿ ಸಿದ್ಧವಾಗುತ್ತದೆ. ಹತ್ತು ಕ್ಯಾಂಪಸ್‌ಗಳು, ದೊಡ್ಡ ಆಸ್ಪತ್ರೆಗಳು, ಇಂದು ಎರಡು ಲಕ್ಷಕ್ಕೂ ಮಿಕ್ಕ ನೌಕರರಿರುವ ಸಂಸ್ಥೆಯಲ್ಲಿ ವೈದ್ಯರೂ ಪ್ರಾಧ್ಯಾಪಕರೂ ಗುಮಾಸ್ತರೂ ತಂತಮ್ಮ ಜೇಬಿನಿಂದ ಕೊಟ್ಟದ್ದೆಲ್ಲ ಒಂದೇ ಹೆಸರಿನ ಕೆಳಗೆ ಬೀಳುತ್ತದೆ. 2012ರ ಪಟ್ಟಿಯಲ್ಲಂತೂ ಒಬಾಮ ಅವರ ದಾನಿಗಳ ಸಾಲಿನಲ್ಲಿ ಅಮೆರಿಕದ ಸರ್ಕಾರವೇ ಕಾಣಿಸಿಕೊಂಡಿತ್ತು!

ನಮ್ಮವರು ಇದನ್ನು ತಪ್ಪಾಗಿ ಓದುವುದು ಸಹಜ. ಭಾರತದಲ್ಲಿ ಕಂಪನಿಯೇ ಪಕ್ಷಕ್ಕೆ ನೇರವಾಗಿ ದೇಣಿಗೆ ಕೊಡಬಹುದು. 20,000 ರೂಪಾಯಿಗೂ ಹೆಚ್ಚು ಕೊಟ್ಟ ವ್ಯಕ್ತಿಯ ವಿವರವನ್ನು ಪಕ್ಷ ಸಲ್ಲಿಸುವಾಗ ಆತ ಎಲ್ಲಿ ಕೆಲಸ ಮಾಡುತ್ತಾನೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಅಮೆರಿಕದ ಆ ಅಂಕಣವಾದರೂ ದಾನಿಯೇ ತುಂಬುವಂಥದ್ದು. ಪೌರತ್ವ ಸಿಕ್ಕ ಬಳಿಕ ನಾನೇ ಎರಡು ಸಲ ಕೊಟ್ಟಾಗ ಒಮ್ಮೆ ಕಂಪನಿಯ ಪೂರ್ಣ ಹೆಸರನ್ನೂ ಇನ್ನೊಮ್ಮೆ ಅದರ ಸಂಕ್ಷಿಪ್ತ ರೂಪವನ್ನೂ ಬರೆದಿದ್ದೆ. ದಾಖಲೆಯಲ್ಲಿ ನಾನು ಎರಡು ಕಡೆ ದುಡಿಯುವವನಂತೆ ಕಾಣುತ್ತೇನೆ.

ಹಾಗೆಂದು ಇಂಥ ಪಟ್ಟಿಗಳಿಂದ ಏನೂ ತಿಳಿಯದು ಎನ್ನಲಾರೆ. ಹಲವು ಕಂಪನಿಗಳು ತಮ್ಮ ಹಿರಿಯ ನೌಕರರು ಮತ್ತು ಷೇರುದಾರರಿಂದ ಸ್ವಇಚ್ಛೆಯ ವಂತಿಗೆ ಕೂಡಿಸುವ ರಾಜಕೀಯ ನಿಧಿ ಸಮಿತಿಯೊಂದನ್ನು ನಡೆಸುತ್ತವೆ. ಸಾಮಾನ್ಯವಾಗಿ ಅದು ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್‌ವರೆಗೆ ಕೊಡಬಹುದು. ಕಂಪನಿಯ ಒಲವನ್ನು ಅರಿಯಬೇಕಾದರೆ ಆ ಮೊತ್ತವನ್ನು ಬೇರೆಯಾಗಿ ನೋಡಿ, ಏಕೆಂದರೆ ಅದರ ಹಂಚಿಕೆಯ ಹಿಂದೆ ಆಡಳಿತ ವರ್ಗದ ಲೆಕ್ಕಾಚಾರವಿರುತ್ತದೆ. ಉನ್ನತ ಅಧಿಕಾರಿಗಳೆಲ್ಲ ಒಂದೇ ದಿನ ಗರಿಷ್ಠ ಮಿತಿಯಷ್ಟು, ಅಂದರೆ 2024ರ ಚುನಾವಣೆಯಲ್ಲಿದ್ದಂತೆ 3,300 ಡಾಲರ್, ಕೊಟ್ಟಿದ್ದರೆ ಅದನ್ನೂ ಕಾಕತಾಳೀಯವೆಂದು ನಾನು ತಳ್ಳಿಹಾಕುವುದಿಲ್ಲ. ನೌಕರನಿಂದ ದೇಣಿಗೆ ಕೊಡಿಸಿ, ಬೋನಸ್ ಹೆಸರಿನಲ್ಲಿ ಆ ಹಣವನ್ನು ಕಂಪನಿ ಅವನಿಗೆ ತುಂಬಿಕೊಟ್ಟರೆ ಅದು ಅಪರಾಧ.

ನಿಮ್ಮ ತಮ್ಮ ಏನನ್ನೂ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಉಳ್ಳವರು ಕೊಡಬಹುದು, ಎಚ್‌-1ಬಿಯವರು ಕೊಡಬಾರದು; ಈ ನಿಷೇಧ ರಾಜ್ಯದ ಮತ್ತು ಊರಿನ ಚುನಾವಣೆಗಳಿಗೂ ಅನ್ವಯಿಸುತ್ತದೆ. ಗೊತ್ತಿಲ್ಲದೆ ಈಗಾಗಲೇ ಕೊಟ್ಟಿದ್ದರೆ, ತಡಮಾಡದೆ ಆ ಪ್ರಚಾರ ಸಮಿತಿಯ ಖಜಾಂಚಿಗೆ ತನ್ನ ವೀಸಾದ ಸ್ಥಿತಿಯನ್ನು ತಿಳಿಸಿ ಪತ್ರ ಬರೆದು, ಹಣವನ್ನು ಹಿಂದಿರುಗಿಸುವಂತೆ ಕೇಳಲಿ.