ಇಇಜಿ ನಾರ್ಮಲ್ ಬಂದರೆ ಸೈಕೋಸಿಸ್ ಇಲ್ಲವೆಂದೇ?

ಪ್ರಶ್ನೆ: ನನ್ನ ತಮ್ಮನಿಗೆ 20 ವರ್ಷ. ಮೂರು ತಿಂಗಳಿಂದ ಯಾರೋ ಬೈಯುವುದು ಕೇಳಿಸುತ್ತದೆ ಎನ್ನುತ್ತಾನೆ, ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಮನೋವೈದ್ಯರು ಸೈಕೋಸಿಸ್‌ನ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಆರಂಭ ಎಂದು ಮಾತ್ರೆ ಶುರು ಮಾಡಿದರು, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯನ್ನೂ ಮಾಡಿಸಿದರು. ಅದು ನಾರ್ಮಲ್ ಬಂದಿದೆ. ಈ ಕಾಯಿಲೆಯಲ್ಲಿ ಮಿದುಳಿನ ಅಲೆಗಳು ಏರುಪೇರಾಗುತ್ತವೆ ಎಂದು ಓದಿದ್ದೆ. ಹಾಗಾದರೆ ಅವನಿಗೆ ಕಾಯಿಲೆಯೇ ಇಲ್ಲವೇ? ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬೇಡಿ. ವರದಿ, ವೈದ್ಯರ ಮಾತು, ನೀವು ಓದಿದ್ದು, ಈ ಮೂರೂ ಒಟ್ಟಿಗೆ ನಿಜವಾಗಿರಬಹುದು.

ಸೈಕೋಸಿಸ್ ಇದೆಯೇ ಎಂದು ತಿಳಿಯಲು ಇಇಜಿ ಮಾಡಿಸುವುದಿಲ್ಲ. ಅದರ ವೇಷದಲ್ಲಿ ಬಂದಿರುವ ಬೇರೆ ಕಾಯಿಲೆ ಇದೆಯೇ ಎಂದು ನೋಡಲು ಮಾಡಿಸುತ್ತಾರೆ: ಮಿದುಳಿನ ಟೆಂಪೊರಲ್ (ಕಿವಿಯ ಪಕ್ಕದ) ಭಾಗದಲ್ಲಿ ಹುಟ್ಟುವ ಮೂರ್ಛೆರೋಗ, ಸೋಂಕು ಅಥವಾ ಔಷಧದಿಂದಾದ ಡೆಲಿರಿಯಂ (ದಿಢೀರನೆ ಕವಿಯುವ ಮನಸ್ಸಿನ ಗೊಂದಲ), ಮಿದುಳಿನ ಉರಿಯೂತ. 2007ರಲ್ಲಿ ಗುರುತಿಸಲಾದ ಒಂದು ಉರಿಯೂತದಲ್ಲಿ ದೇಹವೇ ಮಿದುಳಿನ ನರಕೋಶಗಳು ಸಂದೇಶ ಪಡೆಯುವ ಎನ್‌ಎಂಡಿಎ ಗ್ರಾಹಕಗಳ ಮೇಲೆ ಪ್ರತಿಕಾಯಗಳನ್ನು ಛೂ ಬಿಡುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಹಲವು ಸಲ ಮೊದಲು ಸೈಕೋಸಿಸ್ ಆಗಿಯೇ ಕಾಣಿಸುತ್ತದೆ; ಅವರ ಇಇಜಿಯಲ್ಲಿ ಸಾಮಾನ್ಯವಾಗಿ ನಿಧಾನಗತಿಯ ಅಲೆಗಳು ತುಂಬಿರುತ್ತವೆ. ನಿಮ್ಮ ತಮ್ಮನ ವರದಿ ಅಂಥದ್ದೇನೂ ಕಾಣಲಿಲ್ಲ ಎನ್ನುತ್ತಿದೆ, ಅಷ್ಟೇ. ಅದನ್ನೂ ಪೂರ್ತಿ ನಂಬಿ ಕೂರುವಂತಿಲ್ಲ: ಅರ್ಧ ಗಂಟೆಯ ಒಂದು ಇಇಜಿ ಮೂರ್ಛೆರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಗುರುತು ಹಿಡಿಯುತ್ತದೆ. ಜ್ವರ, ಸೆಳವು, ದಿಟ್ಟಿಸಿ ನೋಡುತ್ತಾ ತುಟಿ ಚಪ್ಪರಿಸುವುದು, ಮೈ ಮರಗಟ್ಟುವುದು, ಕೆಲವೇ ದಿನಗಳಲ್ಲಿ ನೆನಪು ಕೈಕೊಡುವುದು, ಇವುಗಳಲ್ಲಿ ಒಂದು ಕಂಡರೂ ವರದಿ ನಾರ್ಮಲ್ ಇದ್ದರೂ ತಡಮಾಡದೆ ವೈದ್ಯರಿಗೆ ತಿಳಿಸಿ.

ಇನ್ನು ನೀವು ಓದಿದ ಏರುಪೇರು. ಅದು ಪ್ರಯೋಗಾಲಯದಲ್ಲಿ ಬೇರೆ ವಿಧಾನದಿಂದ ಹುಡುಕಿ ತೆಗೆಯಬೇಕಾದದ್ದು. ಕಿವಿಗೆ ಹೆಡ್‌ಫೋನ್ ಹಾಕಿ ಒಂದೇ ಬಗೆಯ ಬೀಪ್ ಸದ್ದನ್ನು ನೂರಾರು ಸಲ ಕೇಳಿಸುತ್ತಾರೆ, ನಡುನಡುವೆ ಒಂದು ಬೀಪ್ ತುಸು ಉದ್ದ. ವ್ಯಕ್ತಿ ಮೂಕಚಿತ್ರ ನೋಡುತ್ತಿರುತ್ತಾನೆ, ಬೀಪ್ ಕಡೆ ಗಮನವೇ ಇರಬೇಕಿಲ್ಲ. ಆದರೂ ವ್ಯತ್ಯಾಸವಾದ 100ರಿಂದ 250 ಮಿಲಿಸೆಕೆಂಡುಗಳೊಳಗೆ ಮಿದುಳು ‘ಇದು ಬೇರೆ’ ಎಂದು ಒಂದು ಸಣ್ಣ ಋಣ ಅಲೆ ಹೊಮ್ಮಿಸುತ್ತದೆ. ಮಿಸ್‌ಮ್ಯಾಚ್ ನೆಗೆಟಿವಿಟಿ ಎಂದು ಅದರ ಹೆಸರು. ಸೈಕೋಸಿಸ್ ದೀರ್ಘಕಾಲ ಕಾಡುವ ಕಾಯಿಲೆಯಾದ ಸ್ಕಿಜೋಫ್ರೇನಿಯಾದಲ್ಲಿ ಈ ಅಲೆ ಕುಗ್ಗಿರುತ್ತದೆ. ಅದರ ಎತ್ತರ ಕೆಲವೇ ಮೈಕ್ರೋವೋಲ್ಟ್; ಸುತ್ತಲಿನ ಅಲೆಗಳು ಹತ್ತಾರು ಮೈಕ್ರೋವೋಲ್ಟ್. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. 100 ಪ್ರತಿಕ್ರಿಯೆಗಳ ಸರಾಸರಿ ತೆಗೆದಾಗ ಗದ್ದಲ ಹತ್ತನೇ ಒಂದಕ್ಕೆ ಇಳಿದು ಪಿಸುಮಾತು ಹೊರಬರುತ್ತದೆ. ಮಾಮೂಲಿ ಇಇಜಿ ಓದುವ ತಜ್ಞರ ಕಣ್ಣಿಗೆ ಇದು ಬೀಳುವುದು ಸಾಧ್ಯವೇ ಇಲ್ಲ.

ಇನ್ನೊಂದು ಗಾಮಾ ಎಂಬ ವೇಗದ ಅಲೆಗಳ ವಿಷಯ. ಸೆಕೆಂಡಿಗೆ 40 ಕ್ಲಿಕ್ ಕೇಳಿಸಿದರೆ ಆರೋಗ್ಯವಂತ ಮಿದುಳು ಅದೇ 40 ಹರ್ಟ್ಜ್‌ಗೆ ತಾಳ ಹಾಕುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಆ ತಾಳ ಬಲಗುಂದಿರುತ್ತದೆ. ತಾಳ ಕಾಯುವ ಪ್ರತಿಬಂಧಕ ನರಕೋಶಗಳ ಕೆಲಸ ಕುಂಟುವುದೇ ಕಾರಣವೆಂಬ ವಿವರಣೆಗೆ ಹೆಚ್ಚು ಮನ್ನಣೆ ಇದೆ. ನಿದ್ದೆಯ ಎರಡನೇ ಹಂತದಲ್ಲಿ ಬರುವ ಸ್ಪಿಂಡಲ್ ಅಲೆಗಳೂ ವಿರಳವಾಗುತ್ತವೆ.

ಇವು ಗುಂಪುಗಳ ನಡುವಿನ ವ್ಯತ್ಯಾಸಗಳು ಎಂಬುದನ್ನು ಮರೆಯಬಾರದು. ರೋಗಿಗಳ ಸರಾಸರಿ ಕಡಿಮೆಯಿದ್ದರೂ ಎಷ್ಟೋ ರೋಗಿಗಳ ಅಲೆ ಚೆನ್ನಾಗಿರುತ್ತದೆ, ಎಷ್ಟೋ ಆರೋಗ್ಯವಂತರದು ಸಪ್ಪೆಯಾಗಿರುತ್ತದೆ. ಮೊದಲ ಸಲ ಕಾಯಿಲೆ ಬಿದ್ದವರಲ್ಲಿ ಮಿಸ್‌ಮ್ಯಾಚ್ ಅಲೆಯ ಕುಸಿತ ಹಳೆಯ ರೋಗಿಗಳಷ್ಟೂ ಇರುವುದಿಲ್ಲ. ಗಾಮಾ ವ್ಯಾಪ್ತಿಯಲ್ಲಂತೂ ದವಡೆ ಬಿಗಿ ಹಿಡಿದರೆ ಸಾಕು, ಸ್ನಾಯುವಿನ ವಿದ್ಯುತ್ತು ಮಿದುಳಿನದ್ದನ್ನು ನುಂಗಿಬಿಡುತ್ತದೆ. ಬಣ್ಣಬಣ್ಣದ ‘ಬ್ರೇನ್ ಮ್ಯಾಪ್’ ತೋರಿಸಿ ಇದೇ ರೋಗ ಎನ್ನುವವರಿಗೆ ದುಡ್ಡು ಕೊಡಬೇಡಿ. ಅದರಲ್ಲಿ ಥೀಟಾ ಎಂಬ ನಿಧಾನದ ಅಲೆ ಕೆಂಪಗೆ ಉರಿಯಲು ಕುರ್ಚಿಯಲ್ಲೇ ತೂಕಡಿಸಿದರೂ ಸಾಕು.

ಪ್ರಶ್ನೆ: ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪೀನ್ ಎಂಬ ಔಷಧ ತೆಗೆದುಕೊಳ್ಳುವ ನನ್ನ ಮಗಳ ವರದಿಯಲ್ಲಿ ‘ಹಿನ್ನೆಲೆ ಅಲೆಗಳು ನಿಧಾನ’ ಎಂದಿದೆ. ಕಾಯಿಲೆ ಹೆಚ್ಚಾಯಿತೇ?

ಉತ್ತರ: ಬಹುಮಟ್ಟಿಗೆ ಇದು ಔಷಧದ ಗುರುತು. ಕಣ್ಣು ಮುಚ್ಚಿ ಎಚ್ಚರವಾಗಿರುವ ವಯಸ್ಕರ ತಲೆಯ ಹಿಂಭಾಗದಲ್ಲಿ 8ರಿಂದ 13 ಹರ್ಟ್ಜ್‌ನ ಆಲ್ಫಾ ಅಲೆ ಇರುತ್ತದೆ. ಕ್ಲೋಜಪೀನ್ ಅದನ್ನು ನಿಧಾನಿಸುತ್ತದೆ, ಕೆಲವರಲ್ಲಿ ಚೂಪು ಅಲೆಗಳನ್ನೂ ತರುತ್ತದೆ. ಡೋಸ್ ಏರಿದಷ್ಟೂ ಸೆಳವಿನ ಅಪಾಯ ಹೆಚ್ಚು. ಕೈ ಥಟ್ಟನೆ ಕುಲುಕಿ ಲೋಟ ಜಾರುವುದು, ಮೊಣಕಾಲು ಇದ್ದಕ್ಕಿದ್ದಂತೆ ಸೋಲುವುದು ಅದರ ಮುನ್ಸೂಚನೆ. ಅದೇ ದಿನ ವೈದ್ಯರಿಗೆ ಹೇಳಬೇಕು. ಹಲವರಿಗೆ ಗೊತ್ತಿಲ್ಲದ ಸಂಗತಿ: ಸಿಗರೇಟು ಸೇದುತ್ತಿದ್ದವರು ಥಟ್ಟನೆ ಬಿಟ್ಟರೆ ರಕ್ತದಲ್ಲಿ ಕ್ಲೋಜಪೀನ್ ಏರುತ್ತದೆ, ಏಕೆಂದರೆ ಈ ಔಷಧವನ್ನು ಒಡೆಯುವ ಕಿಣ್ವವನ್ನು ಹೊಗೆ ಚುರುಕುಗೊಳಿಸಿರುತ್ತದೆ. ಜೋರಾದ ಸೋಂಕಿನಲ್ಲೂ ಹೀಗಾಗಬಹುದು. ಡೋಸ್ ಹೊಂದಿಸುವುದು ವೈದ್ಯರ ಕೆಲಸ, ನೀವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸೀತು.

ಪ್ರಶ್ನೆ: ಮತ್ತೆ ಇಇಜಿ ಮಾಡಿಸುವ ಮುನ್ನ ಏನು ಸಿದ್ಧತೆ?

ಉತ್ತರ: ಹಿಂದಿನ ರಾತ್ರಿ ತಲೆ ತೊಳೆಯಿರಿ, ಎಣ್ಣೆ, ಜೆಲ್ ಬೇಡ, ಜಿಡ್ಡಿದ್ದರೆ ಎಲೆಕ್ಟ್ರೋಡ್ ಕಚ್ಚಿಕೊಳ್ಳದೆ ಗೆರೆ ಒರಟಾಗುತ್ತದೆ. ಖಾಲಿ ಹೊಟ್ಟೆ ಬೇಡ, ಸಕ್ಕರೆ ಅಂಶ ಇಳಿದರೂ ಅಲೆ ನಿಧಾನವಾಗುತ್ತದೆ. ನಿದ್ದೆಗೆಟ್ಟು ಬನ್ನಿ ಎಂದು ಹೇಳಿದ್ದರೆ ಮಾತ್ರ ಹಾಗೆ ಮಾಡಿ. ಔಷಧ ಎಂದಿನಂತಿರಲಿ. ನಿದ್ದೆ ಮಾತ್ರೆಯೂ ಸೇರಿ ಎಲ್ಲದರ ಹೆಸರು, ಡೋಸ್, ಕೊನೆಗೆ ನುಂಗಿದ ಸಮಯ ಬರೆದು ಟೆಕ್ನೀಷಿಯನ್ ಕೈಗೆ ಕೊಡಿ. ನಿದ್ದೆ, ಆತಂಕಕ್ಕೆ ಕೊಡುವ ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆ ನುಂಗಿದ್ದು ತಿಳಿಯದಿದ್ದರೆ, ವರದಿ ಓದುವವರಿಗೆ ಹೆಚ್ಚಿದ ಬೀಟಾ ಎಂಬ ವೇಗದ ಅಲೆ ಎಲ್ಲಿಂದ ಬಂತೆಂದೇ ಗೊತ್ತಾಗುವುದಿಲ್ಲ.